ಕಾರವಾರದಲ್ಲಿ ಕೂತು ಸ್ಕಾಟ್ಲೆಂಡಿನ ಅಜ್ಜನ ಮೂಲ ಹುಡುಕೋದು ಹೆಂಗೆ

ನನ್ನ ತಂಗಿ ಮಗ ಅಬರ್ಡೀನಲ್ಲಿ ಕೆಲಸದಲ್ಲಿದಾನೆ, ಮದುವೆ ಆಗಿದ್ದೂ ಅಲ್ಲಿಯದೇ ಹುಡುಗಿನ್ನ. ಹೋದ ವರ್ಷ ಚೌತಿಗೆ ಇಬ್ರೂ ಕಾರವಾರಕ್ಕೆ ಬಂದಿದ್ರು, ಪಂಚಕಜ್ಜಾಯ ತಿಂತಾ ಕೂತಾಗ ಆ ಹುಡುಗಿ "ಮಾವಶಿ, ನಮ್ಮ ಅಜ್ಜನ ಅಜ್ಜ ಇದೇ ಊರಲ್ಲಿ ಇಂಜಿನಿಯರ್ ಆಗಿದ್ನಂತೆ, ಇಲ್ಲೇ ಸತ್ನಂತೆ" ಅಂದುಬಿಟ್ಲು. ಹತ್ತಿಸಿದ್ಲು ನೋಡಿ ನಂಗೆ ಹುಚ್ಚು! ಹತ್ತು ತಿಂಗಳು ರಾತ್ರಿ ಊಟ ಆದ್ಮೇಲೆ ಇದೇ ಕೆಲಸ. ಈಗ ನಾಲ್ಕೈದು ಜನ ಕೇಳಿದ್ರು ಹೆಂಗೆ ಮಾಡಿದ್ರಿ ಅಂತ, ಅದಕ್ಕೆ ಬರೀತಾ ಇದೀನಿ. ನಿಮ್ಮ ಮನೆ ಸೊಸೆನೋ ಅಳಿಯನೋ ಆ ಕಡೆಯವರಾಗಿದ್ರೆ, ಇಲ್ಲ ನಿಮ್ಮದೇ ಮನೆತನದಲ್ಲಿ ಯಾವನೋ ದೊರೆ ರಕ್ತ ಸೇರಿದೆ ಅಂತ ಅಜ್ಜಿ ಪಿಸುಗುಟ್ಟಿದ್ರೆ ಉಪಯೋಗಕ್ಕೆ ಬರ್ತದೆ.

ಮೊದಲು ಕಂಪ್ಯೂಟರ್ ಮುಟ್ಟಬೇಡಿ, ಬದುಕಿರೋ ಹಿರಿಯರನ್ನ ಹಿಡೀರಿ. ಹುಡುಗಿ ಕಡೆ ಒಬ್ಬಳು ಮುದುಕಿ ಅತ್ತೆ ಇದ್ಲು, ವಿಡಿಯೋ ಕಾಲಲ್ಲಿ ಮಾತಾಡಿದ್ವಿ (ಬೇಸಿಗೆಲಿ ಅವರು ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ, ಇದು ಮರೆತು ಒಂದ್ಸಲ ಅವಳನ್ನ ಬೆಳಿಗ್ಗೆ ಐದಕ್ಕೆ ಎಬ್ಬಿಸಿದೀನಿ). ಹೆಸರು, ಇಸವಿ ಕೇಳಿದ್ರೆ ಹಿರಿಯರು ತಡವರಿಸ್ತಾರೆ. ಅದರ ಬದಲು ಮನೆ ಎದುರಿಗೆ ಎಂತ ಇತ್ತು, ಭಾನುವಾರ ಯಾವ ಚರ್ಚಿಗೆ ಹೋಗ್ತಿದ್ರಿ, ಯಾರ ಜೊತೆ ಮಾತು ಬಿಟ್ಟಿದ್ರು ಅಂತ ಕೇಳಿ. ಜಗಳ ಮಾತ್ರ ಯಾರೂ ಮರೆಯೋದಿಲ್ಲ. ಯಾವ ಚರ್ಚು ಅನ್ನೋದೂ ಮುಖ್ಯ, ಯಾಕಂದ್ರೆ 1843ರಲ್ಲಿ ಅಲ್ಲಿನ ಚರ್ಚು ಒಡೆದು ಫ್ರೀ ಚರ್ಚ್ ಅಂತ ಬೇರೆ ಆಯ್ತು, ಆ ಕಡೆ ಹೋದವರ ಮಕ್ಕಳ ನಾಮಕರಣ ಊರಿನ ಹಳೆ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಊರು-ಕೇರಿ) ಪುಸ್ತಕದಲ್ಲಿ ಸಿಗದೇ ಇರಬಹುದು.

ಆಮೇಲೆ ಸ್ಕಾಟ್ಲೆಂಡ್ಸ್‌ಪೀಪಲ್ ಅಂತ ಅವರ ಸರ್ಕಾರಿ ವೆಬ್‌ಸೈಟ್. ಹೆಸರು ಹುಡುಕೋದು ಫ್ರೀ, ಕಾಗದದ ಫೋಟೋ ತೆಗೆದು ನೋಡೋಕೆ ದುಡ್ಡು, ಮುಂಚೆ ಕೊಂಡ ಕ್ರೆಡಿಟ್ ಲೆಕ್ಕದಲ್ಲಿ. ಸುಮ್ಮನೆ ಕಂಡಕಂಡ ಹೆಸರಿಗೆಲ್ಲ ಕ್ಲಿಕ್ ಮಾಡಿದ್ರೆ ಜೇಬು ಖಾಲಿ, ನಾನು ಮೊದಲ ವಾರ ಮಾಡಿದ್ದು ಅದನ್ನೇ. ಜನನ, ಮದುವೆ, ಮರಣ ಸರ್ಕಾರಿ ನೋಂದಣಿ ಶುರುವಾಗಿದ್ದು 1855ರ ಜನವರಿ 1ರಿಂದ, ಅದಕ್ಕೂ ಹಿಂದಿಂದು ಚರ್ಚಿನ ಪುಸ್ತಕ, ತೀರಾ ಹಳೇದು 1553ಕ್ಕೆ ಹೋಗ್ತದೆ. ಹೊಸ ಕಾಗದದ ಫೋಟೋ ಆನ್‌ಲೈನಲ್ಲಿ ತೋರಿಸೋದಿಲ್ಲ, ಜನನಕ್ಕೆ 100 ವರ್ಷ, ಮದುವೆಗೆ 75, ಮರಣಕ್ಕೆ 50 ವರ್ಷ ದಾಟಿರಬೇಕು. 1855ರ ಒಂದೇ ವರ್ಷದ ಕಾಗದ ಸಿಕ್ಕಿದ್ರೆ ಲಾಟರಿ ಹೊಡೆದ ಹಾಗೆ, ಮಗು ಹುಟ್ಟಿದ ಕಾಗದದಲ್ಲೇ ಅಪ್ಪ ಅಮ್ಮನ ವಯಸ್ಸು, ಹುಟ್ಟಿದ ಊರು, ಮದುವೆ ಆದ ಜಾಗ, ಮೊದಲಿನ ಮಕ್ಕಳೆಷ್ಟು ಅಂತೆಲ್ಲ ಬರೆಸ್ತಿದ್ರು. ಬರೆಯೋರಿಗೆ ಸಾಕಾಗಿ ಹೋಯ್ತೋ ಏನೋ, ಮುಂದಿನ ವರ್ಷಕ್ಕೇ ಕಡಿಮೆ ಮಾಡಿದ್ರು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಹುಟ್ಟಿನಿಂದ ಮುಂದಕ್ಕೆ ಹುಡುಕಬೇಡಿ, ಸಾವಿನಿಂದ ಹಿಂದಕ್ಕೆ ನಡೀರಿ. ಸ್ಕಾಟ್ಲೆಂಡಿನ ಮರಣದ ಕಾಗದದಲ್ಲಿ ಸತ್ತವರ ಅಪ್ಪನ ಹೆಸರಿನ ಜೊತೆ ಅಮ್ಮನ ಹೆಸರು, ಅದೂ ಅಮ್ಮನ ತವರಿನ ಅಡ್ಡಹೆಸರು ಸಮೇತ ಇರ್ತದೆ. ಪಕ್ಕದ ಇಂಗ್ಲೆಂಡಿನ ಹಳೆ ಮರಣ ಕಾಗದದಲ್ಲಿ ಇದು ಸಿಗೋದಿಲ್ಲ. ಸ್ಕಾಟ್ಲೆಂಡಲ್ಲಿ ಹೆಂಗಸಿನ ತವರಿನ ಹೆಸರು ಸಾಯೋವರೆಗೂ ಕಾಗದದಲ್ಲಿ ಉಳೀತದೆ, ಸಮಾಧಿ ಕಲ್ಲಿನ ಮೇಲೂ. ನಮ್ಮ ಮನೆ ಕಥೆ ನೋಡಿ, ಮದುವೆ ದಿನ ಹರಿವಾಣದಲ್ಲಿ ಅಕ್ಕಿ ಹರವಿ ಉಂಗುರದಲ್ಲಿ ಹೊಸ ಹೆಸರು ಬರೆದುಬಿಟ್ರೆ ತವರಿನ ಹೆಸರು ಅಲ್ಲಿಗೆ ಮುಗೀತು, ನಮ್ಮ ಅಜ್ಜಿಗೆ ಹುಟ್ಟಿದಾಗ ಇಟ್ಟ ಹೆಸರು ಎಂತ ಅಂತ ಕೇಳಿದ್ರೆ ನಮ್ಮ ಮನೇಲಿ ಒಬ್ಬರಿಗೂ ಗೊತ್ತಿಲ್ಲ. ಅದಕ್ಕೇ ಹೇಳೋದು, ಗಂಡಸಿನ ಹೆಸರಿನ ಹಿಂದೆ ಓಡಬೇಡಿ, ಜಾನ್ ಅಂತ ಹಾಕಿದ್ರೆ ಸಾವಿರ ಜನ ಬರ್ತಾರೆ, ಅಮ್ಮನ ತವರಿನ ಹೆಸರು ಸೇರಿಸಿದ್ರೆ ಮೂರು ಜನಕ್ಕೆ ಇಳೀತದೆ. ಒಂದೇ ಎಚ್ಚರಿಕೆ, ಮಾಹಿತಿ ಕೊಟ್ಟವರು ಯಾರು ಅಂತ ಆ ಕಾಗದದಲ್ಲೇ ನೋಡಿ. ಮಗ ಕೊಟ್ಟಿದ್ರೆ ನಂಬಬಹುದು, ಪಕ್ಕದ ಮನೆಯವನು ಕೊಟ್ಟಿದ್ರೆ ಅರ್ಧ ಅಂದಾಜು.

ಹೆಸರಿಡೋ ಪದ್ಧತಿ ನಂಗೆ ಬಹಳ ಮಜಾ ಕೊಟ್ಟಿದ್ದು. ದೊಡ್ಡ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪಂದು, ದೊಡ್ಡ ಮಗಳಿಗೆ ಅಮ್ಮನ ಅಮ್ಮಂದು, ಎರಡನೆಯವಳಿಗೆ ಅಪ್ಪನ ಅಮ್ಮಂದು. ಎಲ್ಲರೂ ಹಂಗೇ ಮಾಡ್ತಿದ್ರು ಅಂತಲ್ಲ, ಆದ್ರೆ ಸುಳಿವಿಗೆ ಸಾಕು. ನಮ್ಮಲ್ಲೂ ಅಜ್ಜನ ಹೆಸರು ಮೊಮ್ಮಗನಿಗೆ ಇಡ್ತೇವಲ್ಲ, ಹಾಗಾಗಿ ಇದರ ಅಪಾಯ ನಂಗೆ ಗೊತ್ತಿರಬೇಕಿತ್ತು, ನಾಲ್ಕು ಅಣ್ಣತಮ್ಮಂದಿರ ಮನೇಲೂ ಒಬ್ಬೊಬ್ಬ ವೆಂಕಟೇಶ ಇದ್ದ ಹಾಗೆ ಅಲ್ಲೂ ಒಂದೇ ಊರಲ್ಲಿ ಒಂದೇ ಹೆಸರಿನ ಕಸಿನ್‌ಗಳ ಸಾಲು. ಅದಕ್ಕಿಂತ ಕೆಟ್ಟದ್ದು ಅಂದ್ರೆ ಮಗು ಸತ್ರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರು ಇಡ್ತಿದ್ರು. ನಾನು ಎರಡು ತಿಂಗಳು ಬೆನ್ನು ಹತ್ತಿದ ಹುಡುಗ ಮೂರನೇ ವರ್ಷಕ್ಕೇ ತೀರಿಕೊಂಡಿದ್ದ, ನಮಗೆ ಬೇಕಾದವನು ಅವನ ತಮ್ಮ.

ಸೆನ್ಸಸ್ ಹತ್ತತ್ತು ವರ್ಷಕ್ಕೆ ಇದೆ, 1841ರಿಂದ 1921ರವರೆಗೆ ನೋಡಬಹುದು. 1841ರಲ್ಲಿ ದೊಡ್ಡವರ ವಯಸ್ಸನ್ನ ಐದರ ಲೆಕ್ಕಕ್ಕೆ ಇಳಿಸಿ ಬರೆದಿದಾರೆ, 34 ಇದ್ರೆ 30 ಅಂತ, ಅದನ್ನ ನಂಬಿ ಹುಟ್ಟಿದ ಇಸವಿ ಲೆಕ್ಕ ಹಾಕಬೇಡಿ. 1851ರಿಂದ ಯಜಮಾನನಿಗೆ ಇವರು ಏನಾಗಬೇಕು, ಹುಟ್ಟಿದ ಪ್ಯಾರಿಷ್ ಯಾವುದು ಅಂತ ಇದೆ. ಅದರಲ್ಲಿ ಬರೋ ಕೇರಿ, ತೋಟ, ಫಾರ್ಮ್‌ನ ಹೆಸರು ಹಿಡ್ಕೊಂಡು ಸ್ಕಾಟ್ಲೆಂಡಿನ ನ್ಯಾಷನಲ್ ಲೈಬ್ರರಿಯ ಹಳೆ ನಕಾಶೆ ತೆರೀರಿ, ಪೂರ್ತಿ ಫ್ರೀ, ಒಂದೊಂದು ಮನೆ ಬಾವಿ ಕೂಡ ಕಾಣ್ತದೆ. ನಾನು ಅದನ್ನ ನೋಡ್ತಾ ರಾತ್ರಿ ಎರಡು ಗಂಟೆ ಮಾಡಿದ್ದೂ ಇದೆ.

ಇನ್ನು ನಮ್ಮ ಕಡೆ. ಇಲ್ಲಿದ್ದ ದೊರೆಗಳ ನಾಮಕರಣ, ಮದುವೆ, ಹೂಳಿದ್ದರ ಲೆಕ್ಕವನ್ನ ಪಾದ್ರಿಗಳು ನಕಲು ಮಾಡಿ ಲಂಡನ್ನಿಗೆ ಕಳಿಸ್ತಿದ್ರು, ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಮದ್ರಾಸಿನ ಸಾಲಿಗೆ ಎನ್/2, ಬಾಂಬೆ ಸಾಲಿಗೆ ಎನ್/3 ಅಂತ ನಂಬರು. ಕಾರವಾರ ಯಾವುದರಲ್ಲಿ? ಇಲ್ಲೇ ನಾನು ಮುಗ್ಗರಿಸಿದ್ದು. 1862ರವರೆಗೆ ನಮ್ಮ ಜಿಲ್ಲೆ ಮದ್ರಾಸ್ ಪ್ರೆಸಿಡೆನ್ಸಿ, ಆಮೇಲೆ ಬಾಂಬೆ. ಅಮೆರಿಕದಲ್ಲಿ ಯುದ್ಧ ನಡೆದು ಹತ್ತಿ ಬರೋದು ನಿಂತಾಗ ಧಾರವಾಡ ಕಡೆ ಹತ್ತಿ ಇಲ್ಲಿಂದ ಸಾಗಿಸಬೇಕು ಅಂತ ಬಂದರು, ರಸ್ತೆ ಅಂತ ಗಡಿಬಿಡಿ ಶುರುವಾದ ಕಾಲ ಅದು. ನಾನು ಎಲ್ಲೋ ಓದಿದ ಕೆನರಾ ಅಂದ್ರೆ ಮದ್ರಾಸ್ ಅನ್ನೋದನ್ನ ತಲೇಲಿಟ್ಕೊಂಡು 1870ರ ದಶಕದವನನ್ನ ಮದ್ರಾಸ್ ಪುಸ್ತಕದಲ್ಲಿ ಹುಡುಕ್ತಾ ಕೂತಿದ್ದೆ. ಫೈಂಡ್‌ಮೈಪಾಸ್ಟ್ ಅನ್ನೋ ವೆಬ್‌ಸೈಟಲ್ಲಿ ಈ ಪುಸ್ತಕಗಳ ಫೋಟೋ ಇವೆ, ದುಡ್ಡು ಕೊಡಬೇಕು. ಫಿಬಿಸ್ ಅಂತ ಬ್ರಿಟಿಷ್ ಇಂಡಿಯಾ ಕುಟುಂಬಗಳದ್ದೇ ಒಂದು ಸಂಸ್ಥೆ ಇದೆ, ಅವರ ಹುಡುಕಾಟ ಫ್ರೀ, ಮೊದಲು ಅಲ್ಲಿ ನೋಡಿ. ಊರಿನ ಸ್ಪೆಲ್ಲಿಂಗ್ ಈಗಿನದು ಹಾಕಿದ್ರೆ ಬರೋದಿಲ್ಲ. ಕಾರವಾರ ಸಿ ಅಕ್ಷರದಿಂದ, ಕುಮಟಾಕ್ಕೆ ಸಿ ಆಮೇಲೆ ಎರಡು ಓ ಹಾಕಿ ಕೂಮ್ಟಾ, ಹೊನ್ನಾವರಕ್ಕೆ ಓನೋರ್, ಸದಾಶಿವಗಡಕ್ಕೆ ಸೆದಾಶೆಗರ್, ಬಾಯಿಗೆ ಬಂದ ಹಾಗೆ ಬರೆದಿದಾರೆ ಮಾರಾಯ್ರೆ!

ಅಂತೂ ಸಿಕ್ಕಿದ, ಹೂಳಿದ ದಿನ, ವಯಸ್ಸು, ಕೆಲಸ, ಅಷ್ಟೇ. ಇಲ್ಲಿನ ಆ ಪುಸ್ತಕದಲ್ಲಿ ಅಪ್ಪ ಅಮ್ಮನ ಹೆಸರಿಲ್ಲ. ಹಿಂಗೆ ದಾರಿ ಕಟ್ಟಾದಾಗ ಅಣ್ಣತಮ್ಮ ಅಕ್ಕತಂಗಿಯರನ್ನ ಹಿಡೀಬೇಕು. ಅವನ ಅಕ್ಕ ಊರಲ್ಲೇ ಇದ್ದು 1855 ದಾಟಿ ಸತ್ತಿದ್ಲು, ಅವಳ ಮರಣ ಕಾಗದದಲ್ಲಿ ಅಪ್ಪ ಅಮ್ಮ ಇಬ್ಬರೂ ಸಿಕ್ಕಿದ್ರು. ಇವಳೇ ಅವನ ಅಕ್ಕ ಅಂತ ಹೆಂಗೆ ಖಾತ್ರಿ ಅಂದ್ರೆ ಸಮಾಧಿ ಕಲ್ಲು. ಸ್ಕಾಟ್ಲೆಂಡಿನವರಿಗೆ ಒಂದು ಅಭ್ಯಾಸ ಇದೆ, ಹೊರದೇಶದಲ್ಲಿ ಸತ್ತ ಮಗನ ಹೆಸರನ್ನೂ ಊರಿನ ಕುಟುಂಬದ ಕಲ್ಲಿನ ಮೇಲೆ ಕೆತ್ತಿಸ್ತಾರೆ. ಹುಡುಗಿ ಒಂದು ಶನಿವಾರ ಮಳೇಲಿ ಹೋಗಿ ಪಾಚಿ ಹಿಡಿದ ಕಲ್ಲಿನ ಫೋಟೋ ವಾಟ್ಸಾಪಿಗೆ ಹಾಕಿದ್ಲು, ನೇರ ಬೆಳಕಲ್ಲಿ ಏನೂ ಕಾಣ್ಲಿಲ್ಲ, ಮೊಬೈಲ್ ಟಾರ್ಚ್ ಪಕ್ಕದಿಂದ ಓರೆಯಾಗಿ ಹಿಡಿ ಅಂದೆ, ಅಕ್ಷರ ಎದ್ದು ಬಂತು. ಅಪ್ಪ, ಅಮ್ಮ, ಅಕ್ಕ, ಕೆಳಗಡೆ ಇಂಡಿಯಾ, ಸಿ ಅಕ್ಷರದ ಕಾರವಾರ. ಬ್ರಷ್, ಆಸಿಡ್ ಹಾಕಿ ಉಜ್ಜೋಕೆ ಮಾತ್ರ ಹೋಗಬೇಡಿ, ಕಲ್ಲು ಹಾಳಾಗ್ತದೆ.

ಅಡ್ಡಹೆಸರು ಬದಲಾಗೋದೂ ಉಂಟು. 1801ರಲ್ಲಿ ನಮ್ಮ ಕರಾವಳಿ, ಸೋಂದಾ ಎಲ್ಲ ತಿರುಗಿ ಬರೆದಿಟ್ಟ ಫ್ರಾನ್ಸಿಸ್ ಬುಕನನ್ ಸ್ಕಾಟ್ಲೆಂಡಿನವನೇ, ತಾಯಿ ಕಡೆ ಆಸ್ತಿ ಬಂತು ಅಂತ ಹ್ಯಾಮಿಲ್ಟನ್ ಆಗಿಬಿಟ್ಟ. 1829ರಲ್ಲಿ ತೀರಿಕೊಂಡವನನ್ನ ಬುಕನನ್ ಅಂತಲೇ ಹುಡುಕಿದ್ರೆ ಸಿಗ್ತಾನಾ? ಆಸ್ತಿ ಇದ್ದವರಾದ್ರೆ ವಿಲ್ ನೋಡಿ, ಹೊರದೇಶದಲ್ಲಿ ಸತ್ತವರದ್ದು ಎಡಿನ್‌ಬರೋ ಕೋರ್ಟಿನ ಪುಸ್ತಕದಲ್ಲಿ ಇರ್ತದೆ.

ದೂರದ ಸಂಬಂಧಿಕರಿಗೆ ಬರೆಯೋದು ಕೊನೆಗಿಡಿ, ಕೈಲಿ ನಾಲ್ಕು ಕಾಗದ ಇದ್ರೆ ಮಾತ್ರ ಅವರೂ ಬಾಯಿ ಬಿಡ್ತಾರೆ. ಡಿಎನ್‌ಎ ಟೆಸ್ಟ್ ಮಾಡಿಸಿದ್ರೆ ಹೆಸರುಗಳ ರಾಶಿ ಬರ್ತದೆ, ಆದ್ರೆ ಮುತ್ತಜ್ಜನ ಅಪ್ಪ ಒಬ್ಬನೇ ಆಗಿರೋ ಕಸಿನ್ ಅಂದ್ರೂ ಹತ್ತರಲ್ಲಿ ಒಬ್ಬರ ಜೊತೆ ಮ್ಯಾಚೇ ಬರೋದಿಲ್ಲ, ಬರಲಿಲ್ಲ ಅಂತ ಸಂಬಂಧವೇ ಇಲ್ಲ ಅಂದ್ಕೋಬೇಡಿ. ಮೆಸೇಜಲ್ಲಿ ಪೂರ್ತಿ ವಂಶವೃಕ್ಷ ಕಳಿಸಿ ಅಂತ ಕೇಳಿದ್ರೆ ಉತ್ತರವೇ ಬರೋದಿಲ್ಲ, ನಮಗೂ ಯಾರಾದ್ರೂ ಹಂಗೆ ಕೇಳಿದ್ರೆ ಸಿಟ್ಟೇ ಬರ್ತದೆ. ನಾವು ಕಲ್ಲಿನ ಫೋಟೋ ಒಂದು ಹಾಕಿ, ಈ ಅಕ್ಕನ ಮಕ್ಕಳು ನಿಮಗೆ ಗೊತ್ತಾ ಅಂತ ಒಂದೇ ಪ್ರಶ್ನೆ ಕೇಳಿದ್ವಿ. ಮೂರು ವಾರ ಬಿಟ್ಟು ಕೆನಡಾದಿಂದ ಒಬ್ಬಳು ಮನೆ ಬೈಬಲ್ಲಿನ ಪುಟದ ಫೋಟೋ ಕಳಿಸಿದ್ಲು, ಹುಟ್ಟು ಸಾವು ಎಲ್ಲ ಶಾಯಿಲಿ ಬರೆದಿದ್ದು. ಅಂಥದ್ದು ಸಿಕ್ಕಿದ್ರೆ ಕುಣಿದಾಡೋಕೆ ಮುಂಚೆ ಬೈಬಲ್ಲಿನ ಮೊದಲ ಪುಟದ ಫೋಟೋನೂ ಕೇಳಿ, ಅದು ಪ್ರಿಂಟ್ ಆದ ಇಸವಿಗಿಂತ ಹಿಂದಿನ ತಾರೀಕು ಒಳಗಿದ್ರೆ ಯಾರೋ ನೆನಪಿಂದ ಬರೆದಿದ್ದು ಅಂತ ಅರ್ಥ. ನಮ್ಮದು ಹಂಗೇ ಆಯ್ತು, ಒಂಬತ್ತು ಸಾಲಲ್ಲಿ ಮೊದಲ ನಾಲ್ಕು ಒಂದೇ ಕೈ, ಒಂದೇ ಶಾಯಿ, ಒಂದೇ ದಿನ ಕೂತು ಬರೆದ ಹಾಗೆ. ಆ ನಾಲ್ಕಕ್ಕೂ ಈಗ ಪ್ಯಾರಿಷ್ ಪುಸ್ತಕ ನೋಡ್ತಾ ಇದೀನಿ, ಎರಡು ತಾಳೆಯಾಗಿದೆ.