ಜಂತುಹುಳು ಪತ್ತೆಗೆ ಮಲಪರೀಕ್ಷೆ: ಮಾದರಿ ಸಂಗ್ರಹದಿಂದ ವರದಿಯವರೆಗೆ

ಮಲಪರೀಕ್ಷೆಯ ಫಲಿತಾಂಶ ಬಹುಮಟ್ಟಿಗೆ ಮನೆಯಲ್ಲೇ, ಮಾದರಿ ಸಂಗ್ರಹಿಸುವಾಗಲೇ ನಿರ್ಧಾರವಾಗಿಬಿಡುತ್ತದೆ. ಕಮೋಡಿನ ನೀರಿನಿಂದಲೋ ನೆಲದಿಂದಲೋ ಎತ್ತಿದ ಮಲದಲ್ಲಿ ನೀರು, ಮಣ್ಣಿನ ಸೂಕ್ಷ್ಮಜೀವಿಗಳು ಸೇರಿಕೊಂಡು ಪರೀಕ್ಷಿಸುವವರನ್ನು ದಾರಿ ತಪ್ಪಿಸುತ್ತವೆ. ಮೂತ್ರ ಬೆರೆತರೆ ಅಮೀಬಾದಂಥ ಚಲಿಸುವ ಪರೋಪಜೀವಿಗಳು ಸಾಯುತ್ತವೆ. ಆದ್ದರಿಂದ ಮೊದಲು ಮೂತ್ರ ವಿಸರ್ಜಿಸಿ, ಅನಂತರ ಒಣಗಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಮಲ ಸಂಗ್ರಹಿಸಿ, ಅಡಿಕೆ ಗಾತ್ರದಷ್ಟನ್ನು ಅಗಲ ಬಾಯಿಯ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯಬೇಕು. ಮಲ ನೀರಾಗಿದ್ದರೆ ಎರಡು ಮೂರು ಚಮಚ ಸಾಕು. ರಕ್ತ ಅಥವಾ ಲೋಳೆ ಕಂಡ ಭಾಗ ಅದರಲ್ಲಿ ಇರಲೇಬೇಕು. ಡಬ್ಬಿಯ ಮೇಲೆ ಹೆಸರು, ದಿನಾಂಕದ ಜೊತೆಗೆ ಮಲವಿಸರ್ಜನೆಯ ಸಮಯವನ್ನೂ ಬರೆಯಬೇಕು. ಎಲ್ಲರೂ ಬಿಟ್ಟುಬಿಡುವುದು ಇದನ್ನೇ.

ಸಮಯ ಏಕೆ ಮುಖ್ಯವೆಂದರೆ, ಭೇದಿಯಲ್ಲಿ ಬರುವ ಜೀವಂತ ಅಮೀಬಾ ದೇಹದಿಂದ ಹೊರಬಿದ್ದ ಮೇಲೆ ಬಹಳ ಹೊತ್ತು ಉಳಿಯುವುದಿಲ್ಲ. ನೀರಾದ ಮಲವನ್ನು ಅರ್ಧ ಗಂಟೆಯೊಳಗೆ, ಮೆತ್ತಗಿರುವುದನ್ನು ಒಂದು ಗಂಟೆಯೊಳಗೆ ಪರೀಕ್ಷಿಸಬೇಕು. ಗಟ್ಟಿಯಾದದ್ದು ಅದೇ ದಿನ ಲ್ಯಾಬ್ ಸೇರಿದರೆ ಸಾಕು. ತಡವಾಗುವುದು ಖಚಿತವಿದ್ದರೆ ಲ್ಯಾಬಿನವರಿಂದ 10% ಫಾರ್ಮಾಲಿನ್ (ಮಾದರಿ ಕೆಡದಂತೆ ಕಾಪಾಡುವ ದ್ರಾವಣ) ಹಾಕಿದ ಡಬ್ಬಿಯನ್ನು ಮೊದಲೇ ಕೇಳಿ ಪಡೆಯುವುದು ಒಳ್ಳೆಯದು. ಆ್ಯಂಟಿಬಯೋಟಿಕ್, ಅಮೀಬಾ, ಜಿಯಾರ್ಡಿಯಾಗಳಿಗೆ ಕೊಡುವ ಮೆಟ್ರೊನಿಡಜೋಲ್, ಆ್ಯಂಟಾಸಿಡ್, ಮಲ ಸಡಿಲಿಸಲು ಕೊಡುವ ಎಣ್ಣೆ ಅಥವಾ ಎಕ್ಸ್‌ರೇಗೆಂದು ಕುಡಿಸುವ ಬೇರಿಯಂ ಇತ್ತೀಚೆಗೆ ಸೇವಿಸಿದ್ದರೆ ವೈದ್ಯರಿಗೆ ತಿಳಿಸಬೇಕು. ಮಕ್ಕಳಿಗೆ ಶಾಲೆ, ಅಂಗನವಾಡಿಯಲ್ಲಿ ಕೊಟ್ಟ ಜಂತುಹುಳುವಿನ ಅಲ್ಬೆಂಡಜೋಲ್ ಮಾತ್ರೆಯನ್ನೂ ಮರೆಯದೆ ಹೇಳಬೇಕು.

ಲ್ಯಾಬಿನಲ್ಲಿ ಮೊದಲ ಕೆಲಸ ಬರಿಗಣ್ಣಿನದು: ದುಂಡುಹುಳುವಾಗಲಿ ಲಾಡಿಹುಳುವಿನ ತುಂಡುಗಳಾಗಲಿ ಹಾಗೆಯೇ ಕಾಣಸಿಗಬಹುದು. ಬಳಿಕ ಸ್ಲೈಡಿನ ಒಂದು ಬದಿಗೆ 0.85% ಉಪ್ಪುನೀರಿನ ಹನಿ, ಇನ್ನೊಂದು ಬದಿಗೆ ಅಯೋಡಿನ್ ಹನಿ ಇಟ್ಟು, ಎರಡರಲ್ಲೂ ಕಡ್ಡಿಯ ತುದಿಯಷ್ಟು ಮಲ ಕದಡಿ ತೆಳು ಗಾಜಿನ ಕವರ್‌ಸ್ಲಿಪ್ ಮುಚ್ಚಬೇಕು. ಸ್ಲೈಡಿನ ಕೆಳಗೆ ಪತ್ರಿಕೆ ಹಿಡಿದರೆ ಅಕ್ಷರ ಓದಲು ಬರುವಷ್ಟು ತೆಳುವಾಗಿರಲಿ. ಬೆಳಕು ತಗ್ಗಿಸಿ, ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಸಾಲುಸಾಲಾಗಿ ಸೂಕ್ಷ್ಮದರ್ಶಕದ 10ರ ಲೆನ್ಸಿನಲ್ಲಿ ಹುಡುಕಿ, ಅನುಮಾನ ಬಂದದ್ದನ್ನು 40ರಲ್ಲಿ ನೋಡಬೇಕು. ಉಪ್ಪುನೀರಿನ ಬದಿ ಚಲನೆಗಾಗಿ: ಕರುಳಿನ ಏಕಕೋಶ ಪರೋಪಜೀವಿಯಾದ ಜಿಯಾರ್ಡಿಯಾ ಉದುರುವ ಎಲೆಯಂತೆ ಹೊರಳುತ್ತ ಸಾಗುತ್ತದೆ. ಅಯೋಡಿನ್ ಈ ಚಲಿಸುವ ರೂಪಗಳನ್ನು ಕೊಲ್ಲುತ್ತದೆ, ಆದರೆ ಸಿಸ್ಟಿನ (ಗಟ್ಟಿ ಹೊದಿಕೆಯೊಳಗೆ ಸುಪ್ತವಾಗಿರುವ ರೂಪದ) ಒಳಗಿನ ಕೋಶಕೇಂದ್ರಗಳನ್ನು ಎಣಿಸಲು ಅದೇ ಬೇಕು. ರೋಗಕಾರಕ ಎಂಟಮೀಬಾ ಹಿಸ್ಟೊಲಿಟಿಕಾದ ಬಲಿತ ಸಿಸ್ಟಿನಲ್ಲಿ ನಾಲ್ಕು, ನಿರುಪದ್ರವಿ ಎಂಟಮೀಬಾ ಕೋಲೈಯಲ್ಲಿ ಸಾಮಾನ್ಯವಾಗಿ ಎಂಟು ಇರುತ್ತವೆ. ಕೊಕ್ಕೆಹುಳುವಿನ ಮೊಟ್ಟೆ ಸುಮಾರು 60 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಉದ್ದ, 40 ಮೈಕ್ರಾನ್ ಅಗಲ. ತೆಳುವಾದ ಪಾರದರ್ಶಕ ಚಿಪ್ಪಿನೊಳಗೆ ಒಡೆದು ಹೆಚ್ಚುತ್ತಿರುವ ಜೀವಕೋಶಗಳು ಕಾಣುತ್ತವೆ. ಈ ಮಲ ಡಬ್ಬಿಯಲ್ಲಿ ಒಂದು ದಿನ ಮೀರಿ ಉಳಿದರೆ ಮೊಟ್ಟೆಯೊಡೆದು ಲಾರ್ವಾ ಹೊರಬರುತ್ತದೆ. ಅದನ್ನು ಸ್ಟ್ರಾಂಗಿಲಾಯ್ಡಿಸ್ ಎಂಬ ಬೇರೊಂದು ಹುಳುವಿನ ಲಾರ್ವಾ ಎಂದು ತಪ್ಪಾಗಿ ಓದುವ ಸಂಭವವಿದೆ.

ಮೊಟ್ಟೆಗಳು ಕಡಿಮೆಯಿದ್ದಾಗ ಸಾಂದ್ರೀಕರಣ, ಅಂದರೆ ಅವನ್ನು ಒಂದೆಡೆ ಒಟ್ಟುಗೂಡಿಸುವ ಕ್ರಮ ಬೇಕಾಗುತ್ತದೆ. ಜಾಲರಿಯಲ್ಲಿ ಸೋಸಿದ ಮಲವನ್ನು ಫಾರ್ಮಾಲಿನ್ ಮತ್ತು ಈಥರ್ ಜೊತೆ ಕುಲುಕಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಮೊಟ್ಟೆ, ಸಿಸ್ಟ್‌ಗಳು ತಳದಲ್ಲಿ ಕೂಡುತ್ತವೆ. ಈಥರ್ ಥಟ್ಟನೆ ಹೊತ್ತಿಕೊಳ್ಳುವುದರಿಂದ ಹತ್ತಿರದಲ್ಲಿ ಬೆಂಕಿ ಇರಕೂಡದು. ಪೂರ್ಣ ಕರಗಿಸಿದ ಉಪ್ಪುನೀರಿನಲ್ಲಿ ತೇಲಿಸುವ ವಿಧಾನ ಅಗ್ಗವಾದರೂ ಟೀನಿಯಾದಂಥ ಲಾಡಿಹುಳುವಿನ ಮೊಟ್ಟೆ ಅದರಲ್ಲಿ ತೇಲುವುದಿಲ್ಲ.

ಸೂಜಿಹುಳುವಿಗೆ ಈ ಪರೀಕ್ಷೆಯನ್ನು ನೆಚ್ಚುವಂತಿಲ್ಲ. ಅದು ರಾತ್ರಿ ಗುದದ್ವಾರದ ಸುತ್ತ ಮೊಟ್ಟೆಯಿಡುವುದರಿಂದ, ಬೆಳಿಗ್ಗೆ ಮಗುವಿಗೆ ಸ್ನಾನ ಮಾಡಿಸುವ ಮೊದಲೇ ಅಲ್ಲಿಗೆ ಪಾರದರ್ಶಕ ಅಂಟುಪಟ್ಟಿ ಒತ್ತಿ ಸ್ಲೈಡಿಗೆ ಅಂಟಿಸಬೇಕು. ರೋಗನಿರೋಧಕ ಶಕ್ತಿ ಕುಗ್ಗಿದವರ ದೀರ್ಘ ಭೇದಿಯಲ್ಲಿ ಕ್ರಿಪ್ಟೊಸ್ಪೊರಿಡಿಯಂ ಎಂಬ ಏಕಕೋಶ ಪರೋಪಜೀವಿಯನ್ನು ಹುಡುಕಲು ಆ್ಯಸಿಡ್-ಫಾಸ್ಟ್ ಬಣ್ಣದ ಪರೀಕ್ಷೆಯನ್ನು ಪ್ರತ್ಯೇಕವಾಗಿ ಕೇಳಬೇಕಾಗುತ್ತದೆ.

ಒಂದೇ ಮಾದರಿಯಲ್ಲಿ ಏನೂ ಕಾಣಲಿಲ್ಲವೆಂಬ ವರದಿ ಬಂದರೆ ಸೋಂಕಿಲ್ಲವೆಂದು ತೀರ್ಮಾನಿಸಬಾರದು. ಜಿಯಾರ್ಡಿಯಾ ಮುಂತಾದವು ಕೆಲವು ದಿನ ಹೇರಳವಾಗಿ ಹೊರಬಂದು ಕೆಲವು ದಿನ ಕಾಣೆಯಾಗುವುದರಿಂದ, ಹತ್ತು ದಿನಗಳೊಳಗೆ ದಿನ ಬಿಟ್ಟು ದಿನ ಮೂರು ಮಾದರಿ ಕೊಡುವುದು ರೂಢಿ. ವರದಿಯಲ್ಲಿ ಎಂಟಮೀಬಾ ಕೋಲೈ ಮಾತ್ರ ಇದ್ದರೆ ಅದಕ್ಕೆ ಔಷಧಿ ಬೇಕಿಲ್ಲ. ರೋಗಲಕ್ಷಣಕ್ಕೆ ಬೇರೆ ಕಾರಣ ಹುಡುಕಬೇಕು.