ನೂರರ ಡಬ್ಬಿ ಬಿಟ್ಟು ಮೂವತ್ತೇಳು ಪಾಟ್ ಆರಿಸಿಕೊಂಡದ್ದು

ಹೋದ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅಟ್ಟದ ಮೇಲಿದ್ದ ಪ್ರಿಸೆಟ್ ಡಬ್ಬಿ ಕೆಳಗಿಳಿಸಿ ಒಂದೊಂದೇ ಎಣಿಸಿದೆ. ಪ್ರಿಸೆಟ್ ಅಂದರೆ ಒಂದು ಬಗೆಯ ಸಣ್ಣ ಪಾಟ್ (ಪೊಟೆನ್ಶಿಯೊಮೀಟರ್), ತಿರುಗಿಸಿದಂತೆ ಕರೆಂಟಿಗೆ ತಡೆ ಹೆಚ್ಚು ಕಡಿಮೆ ಆಗುವ ಮೂರು ಕಾಲಿನ ಸಾಮಾನು. ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ 450 ರೂಪಾಯಿಗೆ ತರಿಸಿದ್ದು. ಹತ್ತು ಮನೆಗಳ ಪ್ಲಾಸ್ಟಿಕ್ ಡಬ್ಬಿ, ಮನೆಗೆ ಹತ್ತರಂತೆ ನೂರು. 500 ಓಮ್‌ನಿಂದ 1 ಮೆಗಾ ಓಮ್‌ವರೆಗೆ ಎಲ್ಲಾ ಇದ್ದವು. ಓಮ್ ಅಂದರೆ ತಡೆಯ ಅಳತೆ, ಕೆ ಅಂದರೆ ಸಾವಿರ ಓಮ್, ಮೆಗಾ ಅಂದರೆ ಹತ್ತು ಲಕ್ಷ.

10 ಕೆ ಮನೆ ಪೂರ್ತಿ ಖಾಲಿ. ಅದು ಖಾಲಿಯಾಗಿ ವರ್ಷದ ಮೇಲಾಗಿತ್ತು. 100 ಕೆಯಲ್ಲಿ ಮೂರು, 5 ಕೆಯಲ್ಲಿ ನಾಲ್ಕು ಉಳಿದಿದ್ದವು. 1 ಮೆಗಾ ಹತ್ತಕ್ಕೆ ಹತ್ತೂ ಇದ್ದವು. 200 ಕೆ ಕೂಡ ಹಾಗೇ. 500 ಓಮ್‌ನದು ಒಂದು ಮಾತ್ರ ಹೋಗಿತ್ತು, ಅದೂ ಕಾಲು ಮುರಿದು. ಅಂದರೆ ನಾನು ಕೊಟ್ಟ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು.

ನಮ್ಮದು ಕಲಬುರಗಿಯ ಬ್ರಹ್ಮಪುರ. ಭಾನುವಾರ ಬೆಳಿಗ್ಗೆ ಓಣಿಯ ಐದಾರು ಮಕ್ಕಳು ನಮ್ಮ ಪಡಸಾಲೆಗೆ ಬರುತ್ತಾರೆ. ಡಿಪ್ಲೊಮಾ ಓದುವ ಅಕ್ಕನ ಮಗಳೂ ಜೊತೆಗಿರುತ್ತಾಳೆ. ಎಲ್‌ಇಡಿ, ಬಜರ್, ಸಣ್ಣ ಮೋಟರ್, ಆರ್ಡುಯಿನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್, ಕೈಗೆ ಸಿಕ್ಕಿದ್ದು ಜೋಡಿಸುತ್ತೇವೆ. ಇದರಲ್ಲಿ ಮಕ್ಕಳಿಗೆ ತುಂಬಾ ಇಷ್ಟವಾಗುವುದು ಪಾಟ್. ಬಟನ್ ಒತ್ತಿದರೆ ಹತ್ತುತ್ತದೆ, ಬಿಟ್ಟರೆ ಆರುತ್ತದೆ, ಅಷ್ಟೇ. ಪಾಟ್ ಹಾಗಲ್ಲ. ಕೈ ಎಷ್ಟು ತಿರುಗಿತೋ ಬೆಳಕು ಅಷ್ಟು ಏರುತ್ತದೆ. ಅದನ್ನು ಮೊದಲ ಸಲ ಮಾಡಿದ ಮಗುವಿನ ಮುಖ ನೋಡಬೇಕು. ಅದಕ್ಕೇ ನಾನು ಈ ಸಣ್ಣ ಸಾಮಾನಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು.

ಆ ಡಬ್ಬಿಯಲ್ಲಿ ನಾನು ಮೊದಲು ಗಮನಿಸದೇ ಹೋದದ್ದು ಅದರ ಆಕಾರ. ಅವೆಲ್ಲ ಪ್ರಿಸೆಟ್‌ಗಳು. ಹೊರಗೆ ಚಾಚಿದ ಕಡ್ಡಿ, ಅಂದರೆ ಶಾಫ್ಟ್ ಇಲ್ಲ, ನಾಬ್ ಹಾಕಲು ಬರುವುದಿಲ್ಲ, ಸ್ಕ್ರೂಡ್ರೈವರ್ ಇಟ್ಟು ತಿರುಗಿಸಬೇಕು. ಪ್ರಿಸೆಟ್ ಇರುವುದೇ ಒಮ್ಮೆ ಹೊಂದಿಸಿ ಬಿಟ್ಟುಬಿಡಲು. ದಿನಾ ತಿರುಗಿಸಲು ಅಲ್ಲ. ಬೌರ್ನ್ಸ್ ಕಂಪನಿಯ 3296 ಅನ್ನುವ 25 ಸುತ್ತಿನ ಒಳ್ಳೆಯ ಪ್ರಿಸೆಟ್‌ಗೇ ಬಾಳಿಕೆ 200 ಸಲ ಅಂತ ಕಂಪನಿಯ ಮಾಹಿತಿ ಹಾಳೆಯಲ್ಲಿ (ಡೇಟಾಶೀಟ್) ಬರೆದಿದೆ. ನಮ್ಮ ಮಕ್ಕಳು ಎರಡು ಭಾನುವಾರದಲ್ಲಿ ಅಷ್ಟು ತಿರುಗಿಸಿಬಿಡುತ್ತಾರೆ. ಜೊತೆಗೆ ಅಗ್ಗದ ಪ್ರಿಸೆಟ್‌ನ ಮೈ ತೆರೆದೇ ಇರುತ್ತದೆ. ನಮ್ಮೂರ ಬೇಸಿಗೆ ಗಾಳಿಯ ಧೂಳು ಸೀದಾ ಒಳಗಿನ ಕಾರ್ಬನ್ ಪಟ್ಟಿಯ ಮೇಲೆ ಕೂರುತ್ತದೆ. ಆಮೇಲೆ ಎಲ್‌ಇಡಿ ಮಿಣಮಿಣ ಅನ್ನುತ್ತದೆ, ರೀಡಿಂಗ್ ಕುಣಿಯುತ್ತದೆ.

ಈ ಸಲ ಡಬ್ಬಿ ಬೇಡ ಅಂದುಕೊಂಡು ಹಾಳೆ ಪೆನ್ನು ತೆಗೆದುಕೊಂಡು ಕೂತೆ. ಎರಡು ವರ್ಷ ಏನೇನು ಮಾಡಿದ್ದೇವೆ, ಯಾವುದಕ್ಕೆ ಯಾವ ಪಾಟ್ ಹಾಕಿದ್ದೇವೆ ಅಂತ ಬರೆದೆ. ಮುಕ್ಕಾಲು ಪಾಲು ಕೆಲಸ ಒಂದೇ ಥರದ್ದು. ಪಾಟ್‌ನ ಎರಡು ತುದಿಗೆ 5 ವೋಲ್ಟ್ ಮತ್ತು ಗ್ರೌಂಡ್ ಕೊಟ್ಟು, ನಡುವಿನ ಕಾಲಿನಿಂದ ಬೇಕಾದಷ್ಟು ವೋಲ್ಟೇಜ್ ತೆಗೆಯುವುದು. ಇಲ್ಲಿ ಮುಖ್ಯ ಆಗುವುದು ಎಷ್ಟು ಪಾಲು ತಿರುಗಿದೆ ಅನ್ನುವುದು. 5 ಕೆ ಇದ್ದರೂ ಅರ್ಧಕ್ಕೆ ಎರಡೂವರೆ ವೋಲ್ಟ್, 20 ಕೆ ಇದ್ದರೂ ಅಷ್ಟೇ. ಹಾಗಿದ್ದಾಗ 2, 5, 10, 20 ಅಂತ ನಾಲ್ಕು ಮನೆ ಯಾಕೆ ಬೇಕು? 10 ಕೆ ಒಂದೇ ಸಾಕು. ಆರ್ಡುಯಿನೊ ಊನೊದಲ್ಲಿರುವ ಎಟಿಮೆಗಾ328 ಚಿಪ್‌ಗೂ ಅದು ಸರಿಹೊಂದುತ್ತದೆ. ಅನಲಾಗ್ ಪಿನ್‌ಗೆ ಬರುವ ಸಿಗ್ನಲ್‌ನ ಹಿಂದೆ 10 ಕೆ ಅಥವಾ ಅದಕ್ಕಿಂತ ಕಡಿಮೆ ರೆಸಿಸ್ಟೆನ್ಸ್ ಇರಲಿ ಅಂತ ಅದರ ಡೇಟಾಶೀಟ್ ಹೇಳುತ್ತದೆ. 10 ಕೆ ಪಾಟ್ ನಟ್ಟನಡುವೆ ಇದ್ದಾಗ ಚಿಪ್‌ಗೆ ಕಾಣುವುದು ಎರಡೂವರೆ ಕೆ ಮಾತ್ರ. 100 ಕೆ ಹಾಕಿದರೆ ಅದು 25 ಕೆ ಆಗುತ್ತದೆ. 16×2 ಎಲ್‌ಸಿಡಿಯ ಕಾಂಟ್ರಾಸ್ಟ್‌ಗೂ 10 ಕೆ ಪ್ರಿಸೆಟ್ಟೇ.

1 ಕೆ ಮಾತ್ರ ಬೇಕೆಂದೇ ಬಿಟ್ಟೆ. ಅದಕ್ಕೆ ಕಾರಣ ಒಂದು ಭಾನುವಾರ ನಡೆದದ್ದು. ಒಬ್ಬ ಹುಡುಗ 9 ವೋಲ್ಟ್ ಬ್ಯಾಟರಿ, 1 ಕೆ ಪಾಟ್, ಎಲ್‌ಇಡಿ ಮೂರನ್ನೇ ಸಾಲಾಗಿ ಜೋಡಿಸಿ ತಿರುಗಿಸುತ್ತಾ ಹೋದ. ಬೆಳಕು ಏರಿತು, ಇನ್ನೂ ಏರಿತು, ಆಮೇಲೆ ಚಟ್ ಅಂತ ಹೋಯಿತು. ಸುಟ್ಟ ವಾಸನೆ. "ಮಾಮಾ, ಇದು ಯಾಕ ಬಿಸಿ ಆಗ್ಯಾದ?" ಅಂತ ಅಕ್ಕನ ಮಗಳು ಪಾಟ್ ಕೈಗಿತ್ತಳು. ಹಿಂದಿನ ತಗಡಿನ ನಾಲ್ಕು ಕಿವಿ ಎತ್ತಿ ಮುಚ್ಚಳ ಬಿಚ್ಚಿ ಎಲ್ಲರಿಗೂ ತೋರಿಸಿದೆ. ಕುದುರೆ ಲಾಳದ ಆಕಾರದ ಕಪ್ಪು ಕಾರ್ಬನ್ ಪಟ್ಟಿ. ಅದರ ಒಂದು ತುದಿಯಲ್ಲಿ ಸಾಸಿವೆ ಕಾಳಿನಷ್ಟು ಜಾಗ ಬೂದಿ ಬಣ್ಣಕ್ಕೆ ತಿರುಗಿತ್ತು. ಇಂಥ ಸಣ್ಣ ಪಾಟ್ ತಡೆಯುವುದು ಒಂದು ವ್ಯಾಟ್‌ನ ಎಂಟನೇ ಒಂದು ಭಾಗ, ಅದೂ ಪೂರ್ತಿ ಪಟ್ಟಿಗೆ ಸೇರಿ. ಲೆಕ್ಕ ಹಾಕಿದರೆ 1 ಕೆಗೆ ಸುಮಾರು 11 ಮಿಲಿಆಂಪ್, 10 ಕೆಗೆ ಮೂರೂವರೆ. ತುದಿಗೆ ತಿರುಗಿಸಿದಾಗ ತಡೆಯೇ ಉಳಿಯದೆ ಕರೆಂಟೆಲ್ಲ ಆ ಸಾಸಿವೆ ಜಾಗದಲ್ಲಿ ನುಗ್ಗಿತ್ತು. ಈಗ ನಮ್ಮಲ್ಲಿ ಎಲ್‌ಇಡಿ ಜೊತೆ 470 ಓಮ್ ರೆಸಿಸ್ಟರ್ ಇಲ್ಲದೆ ಪಾಟ್ ಮುಟ್ಟುವಂತಿಲ್ಲ.

ಖರೀದಿಗೆ ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಗೆ ಹೋದೆ. ಇಲ್ಲಿ ಪೊಟೆನ್ಶಿಯೊಮೀಟರ್ ಅಂದರೆ ಯಾರೂ ಕೊಡುವುದಿಲ್ಲ, ವಾಲ್ಯೂಮ್ ಅನ್ನಬೇಕು.

"ಹತ್ತು ಕೆ ವಾಲ್ಯೂಮ್ ಹತ್ತು ಕೊಡ್ರಿ, ಬಿ ಟೈಪ್."

"ಎ ಬಿ ಏನ್ ನೋಡ್ತೀರಿ ಸರ್, ಎಲ್ಲಾ ಒಂದೇ ಅದಾವ."

ಒಂದೇ ಅಲ್ಲ. ಈಗ ಸಿಗುವ ಪಾಟ್‌ಗಳ ಮೇಲೆ ಬಿ ಇದ್ದರೆ ಲೀನಿಯರ್, ಅಂದರೆ ತಿರುಗಿದಷ್ಟೇ ಸಮವಾಗಿ ತಡೆ ಏರುವಂಥದ್ದು. ಎ ಇದ್ದರೆ ಆಡಿಯೊಗೆ ಅಂತ ಮಾಡಿದ ಲಾಗ್, ಮೊದಲು ನಿಧಾನ, ಆಮೇಲೆ ಜೋರಾಗಿ ಏರುವಂಥದ್ದು. ಹಳೆಯ ಯುರೋಪಿನ ಮಾಲಿನಲ್ಲಿ ಇದು ಉಲ್ಟಾ ಇರುತ್ತದೆ. ಅದಕ್ಕೆ ಅಕ್ಷರ ನಂಬದೆ ಮಲ್ಟಿಮೀಟರ್ ಒಯ್ದಿದ್ದೆ. ಅಂಗಡಿಯವರು ಒಳ್ಳೆಯವರು, ಕೌಂಟರ್ ಮೇಲೇ ಅಳೆಯಲು ಬಿಟ್ಟರು. ಎರಡು ತುದಿ ಮುಟ್ಟಿಸಿದರೆ 8.9 ಕೆ, 10.4, 9.6, ಹೀಗೆ. ಶೇ. 20 ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅಗ್ಗದ ಕಾರ್ಬನ್ ಪಾಟ್ ಇರುವುದೇ ಹಾಗೆ. ನೋಡಬೇಕಾದದ್ದು ಬೇರೆ. ಒಂದು ತುದಿಗೂ ನಡುವಿನ ಕಾಲಿಗೂ ಮೀಟರ್ ಹಿಡಿದು ನಿಧಾನವಾಗಿ ತಿರುಗಿಸಿ. ನಂಬರ್ ಜಿಗಿಯದೆ ಏರಬೇಕು. ಅರ್ಧಕ್ಕೆ ನಿಲ್ಲಿಸಿದಾಗ ಸುಮಾರು ಅರ್ಧ ಬಂದರೆ ಅದು ಲೀನಿಯರ್. ಹತ್ತು ಹದಿನೈದು ಪರ್ಸೆಂಟ್ ಮಾತ್ರ ಬಂದರೆ ಲಾಗ್. ಎರಡು ಪಾಟ್‌ಗಳಲ್ಲಿ ನಂಬರ್ ಜಿಗಿಯಿತು, ಬದಲಿಸಿಕೊಟ್ಟರು.

ಎ ಟೈಪ್ ಬೇಕಾದದ್ದು ಅಣ್ಣನ ಆಂಪ್ಲಿಫೈಯರ್‌ಗೆ. ಅದಕ್ಕೆ ಮೊದಲು ಯಾರೋ ಲೀನಿಯರ್ ಹಾಕಿಕೊಟ್ಟಿದ್ದರು. ಒಂಚೂರು ತಿರುಗಿಸಿದರೆ ಕೂಗುತ್ತಿತ್ತು, ಆಮೇಲೆ ಎಷ್ಟು ತಿರುಗಿಸಿದರೂ ವ್ಯತ್ಯಾಸವೇ ಇಲ್ಲ. ನಮ್ಮ ಕಿವಿ ಸದ್ದನ್ನು ಅಳೆಯುವ ರೀತಿಯೇ ಹಾಗೆ. ಸ್ಟೀರಿಯೊಗೆ ಅಂತ ಒಂದೇ ಶಾಫ್ಟ್‌ಗೆ ಎರಡು ಪಾಟ್ ಇರುವ, ಆರು ಕಾಲಿನ 50 ಕೆ ಎ ಡಬಲ್ ಎರಡು ತಂದೆ. ಎ ಸಿಗದಿದ್ದರೆ ಒಂದು ಉಪಾಯ ಇದೆ. 100 ಕೆ ಲೀನಿಯರ್ ಪಾಟ್‌ನ ನಡುವಿನ ಕಾಲಿನಿಂದ ಗ್ರೌಂಡ್‌ಗೆ 15 ಕೆ ರೆಸಿಸ್ಟರ್ ಹಾಕಿ. ಅರ್ಧ ತಿರುಗಿಸಿದಾಗ ಐದನೇ ಒಂದು ಪಾಲಿಗಿಂತ ಕಡಿಮೆ ಸಿಗ್ನಲ್ ಬರುತ್ತದೆ. ಕಿವಿಗೆ ಹೆಚ್ಚುಕಮ್ಮಿ ಲಾಗ್ ಥರವೇ ಕೇಳುತ್ತದೆ. ಇದಕ್ಕೆ ಮತ್ತು 555 ಅನ್ನುವ ಟೈಮರ್ ಚಿಪ್‌ಗೆ 100 ಕೆ ನಾಲ್ಕು. ವೋಲ್ಟೇಜ್ ಹೊಂದಿಸುವ ಎಲ್‌ಎಂ317 ಚಿಪ್‌ನ ಪವರ್ ಸಪ್ಲೈಗೆ 5 ಕೆ ಮೂರು.

ಪ್ರಿಸೆಟ್ ಪೂರ್ತಿ ಬಿಡಲಿಲ್ಲ. 10 ಕೆ ಹತ್ತು, 100 ಕೆ ಐದು, ಮತ್ತೆ ನಿಖರವಾಗಿ ಹೊಂದಿಸುವ ಕಡೆಗೆ 25 ಸುತ್ತಿನವು ಮೂರು. ಪ್ರಿಸೆಟ್ ಮೇಲೆ 10 ಕೆ ಅಂತ ಬರೆದಿರುವುದಿಲ್ಲ, 103 ಅಂತ ಇರುತ್ತದೆ. ಹತ್ತರ ಮುಂದೆ ಮೂರು ಸೊನ್ನೆ ಅಂತ ಓದಿಕೊಳ್ಳಬೇಕು. ಶಾಫ್ಟ್ ಇರುವವು 12 ರೂಪಾಯಿ, ಡಬಲ್ 30, ಸಣ್ಣ ಪ್ರಿಸೆಟ್ 4, 25 ಸುತ್ತಿನದು 15. ಮೂವತ್ತೇಳು ಪಾಟ್‌ಗೆ 369 ರೂಪಾಯಿ ಕೊಟ್ಟೆ. ಇಲ್ಲಿ ಸಿಗದ್ದು ಏನಾದರೂ ಬೇಕಾದರೆ ನಮಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಕೋಠಿಯ ಗುಜರಾತಿ ಗಲ್ಲಿಗೆ ಹೋಗಿ ಸಂಜೆಗೆ ಮನೆಗೆ ಬರಬಹುದು.

ಶಾಫ್ಟ್ ಪಾಟ್‌ನ ಕಾಲು ಅಗಲ, ಬೆಸುಗೆ ಇಲ್ಲದೆ ಜೋಡಿಸುವ ತೂತಿನ ಬ್ರೆಡ್‌ಬೋರ್ಡ್‌ನಲ್ಲಿ ಕೂರುವುದಿಲ್ಲ. ಒತ್ತಿ ತುರುಕಿದರೆ ಬೋರ್ಡಿನ ತೂತು ಸಡಿಲ ಆಗುತ್ತದೆ. ಅಕ್ಕನ ಮಗಳೂ ನಾನೂ ಒಂದು ಸಂಜೆ ಕೂತು ಹತ್ತು 10 ಕೆ ಪಾಟ್‌ಗೂ ಮೂರು ಮೂರು ವೈರ್ ಬೆಸುಗೆ ಹಾಕಿದೆವು. ತುದಿಗಳಿಗೆ ಕೆಂಪು ಮತ್ತು ಕಪ್ಪು, ನಡುವೆ ಹಳದಿ. ಮೂವತ್ತು ಬೆಸುಗೆಯಲ್ಲಿ ಇಪ್ಪತ್ತು ಅವಳೇ ಹಾಕಿದಳು. ಬಣ್ಣ ಇರುವುದರಿಂದ ಆರನೇ ಕ್ಲಾಸಿನ ಮಕ್ಕಳೂ ತಪ್ಪಿಲ್ಲದೆ ಜೋಡಿಸುತ್ತಾರೆ.

ಆ ಹತ್ತರಲ್ಲಿ ಈಗ ಮೂರು ಉಳಿದಿವೆ. ಉಳಿದವು ಮಕ್ಕಳು ಮನೆಗೆ ಒಯ್ದ ಲ್ಯಾಂಪ್‌ಗಳಲ್ಲಿವೆ. ಶನಿವಾರ ಸೂಪರ್ ಮಾರ್ಕೆಟ್‌ಗೆ ಹೋದಾಗ ಇನ್ನೂ ಹತ್ತು ತರಬೇಕು, ಹಳದಿ ವೈರೂ ಮುಗಿದಿದೆ.