ಹೆಜ್ಜೆ ಎಣಿಸುವ ಆ್ಯಪ್ ಇದ್ದವರು ಮೊದಲು ಗುರಿ ಇಳಿಸಿ

ಹಲವು ಆ್ಯಪ್‌ಗಳು ತಾವಾಗಿಯೇ ದಿನದ ಗುರಿ ಎಂದು ತೋರಿಸುವ 10,000 ಹೆಜ್ಜೆ ಯಾವ ಡಾಕ್ಟರೂ ಬರೆದುಕೊಟ್ಟ ಲೆಕ್ಕವಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಬಳಸಿದ ಸಂಖ್ಯೆ ಅದು.

ಒಂದು ವಾರ ಸುಮ್ನೆ ಎಣಿಸಲು ಬಿಡಿ. ಸರಾಸರಿ 3,000 ಬಂದರೆ ಸೆಟ್ಟಿಂಗ್ಸ್‌ನಲ್ಲಿ ಗುರಿ 3,500 ಇಡಿ. ಅದು ಸಲೀಸಾದ ಮೇಲೆ ಇನ್ನೊಂದು 500 ಏರಿಸಿ. ಫೋನ್ ಮೇಜಿನ ಮೇಲೆ ಬಿಟ್ಟು ಓಡಾಡಿದರೆ ಲೆಕ್ಕಕ್ಕೆ ಬರಲ್ಲ, ಜೇಬಿನಲ್ಲಿರಲಿ.

ರಿಮೈಂಡರ್ ಒಂದೇ ಸಾಕು, ರಾತ್ರಿ ಊಟ ಮುಗಿಯುವ ಹೊತ್ತಿಗೆ. ಮೀಟಿಂಗ್ ನಡುವೆ ‘ಎದ್ದೇಳಿ’ ಅಂತ ಗುಂಯ್‌ಗುಟ್ಟಿದರೆ ಎರಡೇ ದಿನದಲ್ಲಿ ಮ್ಯೂಟ್ ಮಾಡುತ್ತೀವಿ, ಅಲ್ವಾ? ಯಾರು ಹೆಚ್ಚು ನಡೆದರು ಅಂತ ಸಾಲಾಗಿ ತೋರಿಸುವ ಲೀಡರ್‌ಬೋರ್ಡ್ ನನಗಂತೂ ಇಷ್ಟವಿಲ್ಲ. ಕೊನೆಯಲ್ಲಿದ್ದವರಿಗೆ ಬೇಜಾರೇ ಜಾಸ್ತಿ. ಮಂಡಿನೋವು, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ ಗುರಿ ಇಡಿ.